ಸಾಲಹಳ್ಳಿಗೆ ಪಾಸ್‌ಪೋರ್ಟ್ ಬಂದ ದಾರಿ

ರಾಮದುರ್ಗ ಸಂಸ್ಥಾನವಿದ್ದ ಕಾಲಕ್ಕೆ ಅಲ್ಲಿನ ಒಬ್ಬ ವ್ಯಾಪಾರಿ, ಬೈಲಹೊಂಗಲದ ಇನ್ನೊಬ್ಬ ವ್ಯಾಪಾರಿ ಜೋಡಿಯಾಗಿ ಮುಂಬಯಿಯಲ್ಲಿ ಹಡಗು ಹತ್ತಿದ್ದರೆ, ಇಬ್ಬರ ಪಾಸ್‌ಪೋರ್ಟಿನಲ್ಲೂ ಒಂದೇ ಗುರುತು ಇರುತ್ತಿರಲಿಲ್ಲ. ಬೈಲಹೊಂಗಲ ನೇರ ಬ್ರಿಟಿಷರ ಆಳ್ವಿಕೆಯ ಮುಂಬಯಿ ಪ್ರಾಂತ್ಯದ್ದು. ಹಾಗಾಗಿ ಅಲ್ಲಿಯವನು ಬ್ರಿಟಿಷ್ ಪ್ರಜೆ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ. ಅಲ್ಲಿಯವನು ಪ್ರಜೆಯಲ್ಲ, ಬ್ರಿಟಿಷರ ‘ರಕ್ಷಣೆಯಲ್ಲಿರುವ ವ್ಯಕ್ತಿ’. ಇಬ್ಬರೂ ಹುಣ್ಣಿಮೆಗೆ ಹೋಗುವುದು ಅದೇ ಎಲ್ಲಮ್ಮನ ಗುಡ್ಡಕ್ಕೆ. ಪರದೇಶದ ಬಂದರಿನಲ್ಲಿ ಮಾತ್ರ ಅವನೊಂದು ಜಾತಿ, ಇವನೊಂದು ಜಾತಿ. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಗಿ, 1950ರಲ್ಲಿ ಸಂವಿಧಾನ ಜಾರಿಗೆ ಬಂದ ಮೇಲೆ ಈ ಭೇದ ಅಳಿಯಿತು.

ಇವತ್ತು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಿಂದ ಯಾರಾದರೂ ದುಬೈಗೋ ಬ್ಯಾಂಕಾಕಿಗೋ ಹೊರಟರೆ ಅವರಿಗೆ ನೂರೆಂಟು ಬುದ್ಧಿಮಾತು ಹೇಳುತ್ತಾರೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ, ವೀಸಾ ಯಾವ ಬಗೆಯದು ನೋಡಿಕೊಳ್ಳಿ, ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಚೀಲದಲ್ಲಿ ಇದನ್ನು ಒಯ್ಯಬೇಡಿ. ಇವೆಲ್ಲ ಯಾರೋ ಒಬ್ಬ ಅಧಿಕಾರಿ ಕೂತು ಬರೆದಿಟ್ಟ ನಿಯಮಗಳಲ್ಲ. ಒಂದೊಂದರ ಹಿಂದೆಯೂ ಒಂದು ಯುದ್ಧವೋ, ಕೋರ್ಟಿನ ಜಗಳವೋ, ಮೋಸ ಹೋದವರ ಗೋಳೋ ಇದೆ.

ಪಾಸ್‌ಪೋರ್ಟೇ ಯುದ್ಧದ ಕೂಸು. ಮೊದಲನೇ ಮಹಾಯುದ್ಧಕ್ಕೆ ಮುಂಚೆ ಬಹುಪಾಲು ಪ್ರಯಾಣಗಳಿಗೆ ಅದು ಬೇಕಿರಲಿಲ್ಲ. ಯುದ್ಧ ಮುಗಿದ ಮೇಲೆ ಭಾರತಕ್ಕೆ ಬರುವವರಿಗಾಗಿ 1920ರಲ್ಲಿ ಒಂದು ಕಾಯ್ದೆಯೂ ಬಂತು. ಸ್ವಾತಂತ್ರ್ಯಾನಂತರ 1954ರಲ್ಲಿ ಮುಂಬಯಿ, ಕಲ್ಕತ್ತ, ದಿಲ್ಲಿ, ಮದ್ರಾಸ್ ಮತ್ತು ನಾಗಪುರದಲ್ಲಿ ಪ್ರಾದೇಶಿಕ ಕಚೇರಿಗಳು ತೆರೆದವು. ಆಗಿನ್ನೂ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. ಕಚೇರಿಗಳೇನೋ ಬಂದವು, ಆದರೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಮರ್ಜಿಯಾಗಿಯೇ ಉಳಿಯಿತು.

ಆ ಮರ್ಜಿಗೆ ಕಡಿವಾಣ ಹಾಕಿದ್ದು ಸತ್ವಂತ್ ಸಿಂಗ್ ಸಾಹ್ನಿ ಎಂಬ ವ್ಯಾಪಾರಿಯ ಮೊಕದ್ದಮೆ. ಪಾಸ್‌ಪೋರ್ಟ್ ವಾಪಸ್ ಕೊಡು ಎಂದು ಸರಕಾರ ಕೇಳಿತು, ಅವರು ಸುಪ್ರೀಂ ಕೋರ್ಟಿಗೆ ಹೋದರು. ಪರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಅದನ್ನು ತಡೆಯುವಂತಿಲ್ಲ ಎಂದು 1967ರ ಏಪ್ರಿಲ್ 10ರಂದು ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಹೇಳಿದರು. ಮುಖ್ಯ ನ್ಯಾಯಮೂರ್ತಿ ಕೆ. ಸುಬ್ಬರಾವ್ ಮರುದಿನವೇ ಹುದ್ದೆ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ಹೊರಟರು. ಸರಕಾರ ಗಡಿಬಿಡಿಯಲ್ಲಿ ಕಾಯ್ದೆ ಮಾಡಿ ಜೂನ್ 24ರಂದು ಜಾರಿಗೆ ತಂದಿತು. ಇಂದಿಗೂ ನಮ್ಮ ಪಾಸ್‌ಪೋರ್ಟುಗಳು ಹೊರಬರುವುದು ಅದೇ ಕಾಯ್ದೆಯ ಅಡಿಯಲ್ಲಿ.

ಹಜ್ ಯಾತ್ರಿಕರ ಲೆಕ್ಕವೇ ಬೇರೆ. ಬಹಳ ವರ್ಷ ಅವರಿಗೆ ಪ್ರತ್ಯೇಕ ಯಾತ್ರಾ ಪಾಸ್ ಇತ್ತು. ಮುಂಬಯಿಯಿಂದ ಹಡಗಿನ ಪಯಣ 1995ರಲ್ಲಿ ನಿಂತಿತು, 2009ರಿಂದ ಎಲ್ಲರಂತೆ ಅಂತಾರಾಷ್ಟ್ರೀಯ ಪಾಸ್‌ಪೋರ್ಟೇ ಕಡ್ಡಾಯವಾಯಿತು. ಹೊರಡುವ ಮುಂಚೆ ಮೆದುಳುಜ್ವರದ ಲಸಿಕೆ ಹಾಕಿಸಿಕೊಳ್ಳಬೇಕೆಂಬ ಮಾತು ನಮ್ಮ ಹಳ್ಳಿಗಳಿಗೆ ಹಾಜಿಗಳ ಮೂಲಕವೇ ಬಂತು.

ಎಪ್ಪತ್ತರ ದಶಕದಲ್ಲಿ ತೈಲದ ದುಡ್ಡು ಗಲ್ಫ್ ದೇಶಗಳಿಗೆ ಹರಿದಾಗ ಗಾರೆಯವರು, ಡ್ರೈವರ್‌ಗಳು, ಮನೆಗೆಲಸದವರು ಸಾವಿರಗಟ್ಟಲೆ ಹೊರಟರು. ಅವರ ಕಾವಲಿಗೆ ಇದ್ದದ್ದು ತೋಟದ ಕೂಲಿಗಳನ್ನು ಸಾಗಿಸುವ ಕಾಲದ 1922ರ ಕಾಯ್ದೆ. ಅದರ ಜಾಗಕ್ಕೆ 1983ರ ವಲಸೆ ಕಾಯ್ದೆ ಬಂತು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಕಾಣುವ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಮುದ್ರೆ ಈ ಕಾಯ್ದೆಯ ಕೊಡುಗೆ. ಸೌದಿ, ಕುವೈತ್, ಯುಎಇ, ಓಮನ್, ಮಲೇಷ್ಯಾ, ಲಿಬಿಯಾ, ಸುಡಾನ್ ಸೇರಿ 18 ದೇಶಗಳಿಗೆ ಅವರು ಕೆಲಸಕ್ಕೆ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ನಮ್ಮವರು ಮಜಾ ಮಾಡಲು ಹೋಗುವ ಥಾಯ್ಲೆಂಡ್ ಕೂಡ ಆ ಪಟ್ಟಿಯಲ್ಲಿದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಒಪ್ಪಿಗೆಗೆ ಕೆಲಸದ ಕರಾರು ತೋರಿಸಬೇಕು, ವಿಮೆ ಮಾಡಿಸಬೇಕು. ಪ್ರವಾಸಿ ಭಾರತೀಯ ಬಿಮಾ ಯೋಜನೆಗೆ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ, ಅಪಘಾತದಲ್ಲಿ ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ಹತ್ತು ಲಕ್ಷ ರೂಪಾಯಿ.

2018ರ ಜನವರಿಯಲ್ಲಿ ಇದೇ ಮುದ್ರೆಯವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವುದಾಗಿ ವಿದೇಶಾಂಗ ಇಲಾಖೆ ಘೋಷಿಸಿತು. ಓದದವನ ಹಣೆಗೆ ಚೀಟಿ ಅಂಟಿಸಿದಂತಾಯಿತು ಎಂದು ಎಲ್ಲೆಡೆಯಿಂದ ಕೂಗೆದ್ದು, ತಿಂಗಳು ತುಂಬುವ ಮೊದಲೇ ಆ ಯೋಚನೆ ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ. ಆದರೆ ಮುದ್ರೆಗಿಂತ ದೊಡ್ಡ ತೊಂದರೆ ಬೇರೆ ಕಡೆ ಇತ್ತು, ಈಗಲೂ ಇದೆ. ಇಸಿಆರ್ ಇದ್ದವನು ಕೆಲಸಕ್ಕಲ್ಲ, ಸುಮ್ಮನೆ ನೋಡಿಕೊಂಡು ಬರಲು ಹೋಗುತ್ತೇನೆ ಎಂದರೆ ಒಪ್ಪಿಗೆ ಬೇಕಿಲ್ಲ. ಏಜೆಂಟರು ನುಸುಳುವುದು ಈ ಸಂದಿನಲ್ಲೇ. “ಈಗ ವಿಸಿಟಿಂಗ್ ವೀಸಾದಾಗ ಹೋಗ್ರಿ, ಅಲ್ಲೆ ಮುಟ್ಟಿದಮ್ಯಾಲೆ ಕೆಲಸದ ವೀಸಾ ಮಾಡಸ್ತೀವಿ” ಎಂಬ ಮಾತಿಗೆ ಒಪ್ಪಿದವನು ಕಾಗದದ ಮೇಲೆ ಪ್ರವಾಸಿ. ಕರಾರು ಇಲ್ಲ, ವಿಮೆ ಇಲ್ಲ, ಮಾಲೀಕ ಯಾರೆಂಬುದು ಎಲ್ಲೂ ದಾಖಲಾಗಿಲ್ಲ. ಪಗಾರ ಬರದಿದ್ದರೆ ದೂರಲೂ ಆಗದು, ಏಕೆಂದರೆ ಆ ದೇಶದ ಕಾನೂನಿನಲ್ಲಿ ಅವನು ದುಡಿದದ್ದೇ ತಪ್ಪು.

ಪಾಸ್‌ಪೋರ್ಟ್ ಸಿಗುವ ಜಾಗವೇನೋ ವರ್ಷದಿಂದ ವರ್ಷಕ್ಕೆ ಹತ್ತಿರವಾಯಿತು. ಮೊದಲು ಎಲ್ಲಕ್ಕೂ ಬೆಂಗಳೂರಿನ ಕಡೆ ಮುಖ ಮಾಡಬೇಕಿತ್ತು. 2010ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಹುಬ್ಬಳ್ಳಿಯದೂ ಒಂದು. 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಕೌಂಟರ್ ತೆರೆದರು, ಆಮೇಲೆ ಬೆಳಗಾವಿಗೂ ಅದು ಬಂತು. ಈಗ ಸಾಲಹಳ್ಳಿಯವರು ಬೆಳಗಿನ ಬಸ್ಸು ಹಿಡಿದು ಬೆಳಗಾವಿಯಲ್ಲಿ ಫೋಟೊ, ಬೆರಳಚ್ಚು ಕೊಟ್ಟು ರಾತ್ರಿ ಊಟಕ್ಕೆ ಮನೆ ಸೇರಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹೊಳೆಸಾಲು ಮುಳುಗಿದ್ದನ್ನು ನೆನೆದು ಇಲ್ಲೊಂದು ಮಾತು: ನೀರು ಕುಡಿದು ಹಾಳೆ ಉಬ್ಬಿದ, ಅಕ್ಷರ ಕಲೆಸಿದ ಪಾಸ್‌ಪೋರ್ಟನ್ನು ಬಿಸಿಲಿಗೆ ಒಣಗಿಸಿ ಒಯ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಹಾನಿಗೊಂಡದ್ದೆಂದು ಅರ್ಜಿ ಹಾಕಿ ಹೊಸದು ಪಡೆಯುವುದೇ ದಾರಿ.

ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ ಎಂಬ ಮಾತಿಗೆ ತೂಕ ಬಂದದ್ದು ಯುದ್ಧಗಳಿಂದ. 1990ರಲ್ಲಿ ಇರಾಕ್ ಕುವೈತಿನೊಳಗೆ ನುಗ್ಗಿದಾಗ ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ಮಾಡಿ ಲಕ್ಷಕ್ಕೂ ಹೆಚ್ಚು ಜನರನ್ನು ಮರಳಿ ತಂದಿತು. 2023ರ ಏಪ್ರಿಲ್‌ನಲ್ಲಿ ಸುಡಾನ್ ಹೊತ್ತಿ ಉರಿದಾಗ ಅಲ್ಲಿ ಸಿಕ್ಕಿಕೊಂಡವರಲ್ಲಿ ಗಿಡಮೂಲಿಕೆ ಔಷಧಿ ಮಾರಲು ಹೋದ ನಮ್ಮ ಹಕ್ಕಿಪಿಕ್ಕಿ ಜನರಿದ್ದರು. ಇವರಲ್ಲಿ 31 ಮಂದಿ ಅಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸಿದ್ದರಾಮಯ್ಯ ಟ್ವಿಟರಿನಲ್ಲಿ ಬರೆದರು, ಚುನಾವಣೆಯ ಹೊತ್ತಿನಲ್ಲಿ ಇದರಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ಸಿಡಿದರು. ಕೊನೆಗೆ ನಮ್ಮದೇ ನದಿಯ ಹೆಸರಿನ ‘ಆಪರೇಷನ್ ಕಾವೇರಿ’ 3,862 ಜನರನ್ನು ಕರೆತಂದಿತು. ಆಫ್ರಿಕಾದ ಆ ಭಾಗಕ್ಕೆ ಹೋಗುವವರಿಗೆ ಹಳದಿಜ್ವರದ ಲಸಿಕೆ ಹೊರಡುವುದಕ್ಕೆ ಹತ್ತು ದಿನ ಮುಂಚೆಯೇ ಆಗಿರಬೇಕು. ಕಾರ್ಡಿಲ್ಲದೆ ಮರಳಿದರೆ ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಿಕೊಳ್ಳಬಹುದು. ಆ ರೋಗ ಭಾರತದಲ್ಲಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ. ಈ ಬಿಗಿ ಅದಕ್ಕಾಗಿ.

ಎಚ್ಚರಿಕೆಯ ಮಾತು ಹೇಗಿರಬೇಕು ಎಂಬುದಕ್ಕೆ ಮಾತ್ರ ಉಕ್ರೇನಿನಷ್ಟು ಕಹಿ ಉದಾಹರಣೆ ಇನ್ನೊಂದಿಲ್ಲ. 2022ರ ಫೆಬ್ರುವರಿ 15ರಂದು ಕೀವ್‌ನ ಭಾರತೀಯ ರಾಯಭಾರ ಕಚೇರಿ ಹೊರಡಿಸಿದ ಸೂಚನೆ ಬಹಳ ಮೆತ್ತಗಿತ್ತು: ಇರಲೇಬೇಕಾದ ಅಗತ್ಯವಿಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುವ ಬಗ್ಗೆ ಯೋಚಿಸಬಹುದು ಎಂಬ ಧಾಟಿ. ಅತ್ತ ಕಾಲೇಜಿನವರು ಹಾಜರಿ ಕೇಳುತ್ತಿದ್ದರು, ಇತ್ತ ವಿಮಾನದ ದರ ಏರುತ್ತಿತ್ತು. ಸಾಲ ಮಾಡಿ ಮಗನನ್ನು ಎಂಬಿಬಿಎಸ್‌ಗೆ ಕಳಿಸಿದ ಮನೆಗೆ ‘ಯೋಚಿಸಬಹುದು’ ಎಂದರೆ ಏನು ತಿಳಿಯಬೇಕು? 24ರಂದು ಬಾಂಬು ಬಿದ್ದವು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ, ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಮರುದಿನದ ಸೂಚನೆಯಲ್ಲಿ ಮೆತ್ತನೆಯ ಮಾತು ಒಂದೂ ಇರಲಿಲ್ಲ. ಕೂಡಲೇ ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದೇ ಹೊರಡಿ, ಸಂಜೆ ಆರರೊಳಗೆ ಈ ಮೂರು ಊರುಗಳಲ್ಲಿ ಒಂದನ್ನು ಸೇರಿ ಎಂದು ಹೇಳಿ, ಪೆಸೋಚಿನ್‌ಗೆ 11, ಬಾಬಾಯ್‌ಗೆ 12, ಬೆಜ್‌ಲ್ಯುಡೊವ್‌ಕಾಗೆ 16 ಕಿಲೋಮೀಟರ್ ಎಂದು ದೂರವನ್ನೂ ಬರೆದಿದ್ದರು. ಎರಡು ವಾರದ ಹಿಂದೆ ಇದರ ಅರ್ಧದಷ್ಟು ಖಂಡಿತವಾಗಿ ಹೇಳಿದ್ದರೂ ಬೇರೆಯಾಗುತ್ತಿತ್ತು ಎಂದು ನನಗನಿಸುತ್ತದೆ.

ಎರಡು ವರ್ಷದ ತರುವಾಯ ಕಲಬುರಗಿಯ ಯುವಕರು ಕೆಲಸದ ಆಸೆಗೆ ಏಜೆಂಟರನ್ನು ನಂಬಿ ರಷ್ಯಾಕ್ಕೆ ಹೋಗಿ ಅದೇ ಯುದ್ಧದ ಇನ್ನೊಂದು ಬದಿಯಲ್ಲಿ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರಿನಲ್ಲಿ ಅವರು ಮನೆ ಸೇರುವ ಹೊತ್ತಿಗೆ ಸರಕಾರದ ಎಚ್ಚರಿಕೆಗಳ ಪಟ್ಟಿಗೆ ಮತ್ತೊಂದು ಸಾಲು ಕೂಡಿತ್ತು.

ಕೆಲವು ಎಚ್ಚರಿಕೆಗಳು ಸೀದಾ ಅಡುಗೆಮನೆಗೇ ಬರುತ್ತವೆ. ದುಬೈಗೆ ಹೊರಟ ಮಗನಿಗೆ ನಮ್ಮ ಕಡೆಯ ತಾಯಂದಿರು ಅಂಟಿನುಂಡಿ ಕಟ್ಟಿಕೊಡುತ್ತಾರೆ. ಒಣಕೊಬ್ಬರಿ, ಉತ್ತತ್ತಿ, ಬೆಲ್ಲದ ಜೊತೆ ಹುರಿದ ಗಸಗಸೆ ಇಲ್ಲದಿದ್ದರೆ ಅದು ಉಂಡಿಯೇ ಅಲ್ಲ. ಯುಎಇಯಲ್ಲಿ ಗಸಗಸೆ ಅಫೀಮಿನ ಗಿಡದ ಬೀಜವೆಂದು ನಿಷಿದ್ಧ. ಎಲೆ ಅಡಿಕೆಯ ಚಂಚಿಯೂ ಒಳಗೆ ಬಿಡುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಮಾತ್ರೆಗೆ ಮುಂಚೆಯೇ ಅನುಮತಿ ಬೇಕು. ಯುರೋಪಿನ ಷೆಂಗೆನ್ ದೇಶಗಳವರು ಉಂಡಿಯ ತಂಟೆಗೆ ಬರದಿದ್ದರೂ 30,000 ಯೂರೊ ಆರೋಗ್ಯ ವಿಮೆ ಇಲ್ಲದೆ ವೀಸಾ ಕೊಡುವುದಿಲ್ಲ.

ಇಷ್ಟೆಲ್ಲ ಸೂಚನೆಗಳು ಹುಟ್ಟುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸಾಲಹಳ್ಳಿಗೆ ತಲುಪುವುದು ಏಜೆಂಟನ ಬಾಯಿಂದ. ಆದರೆ ಪಾಸ್‌ಪೋರ್ಟ್ ಬೇಕೆಂದ ಬಹುತೇಕರನ್ನು ಸರಕಾರ ಒಮ್ಮೆಯಾದರೂ ಮುಖಾಮುಖಿ ನೋಡುತ್ತದೆ: ಪೊಲೀಸ್ ವೆರಿಫಿಕೇಶನ್‌ನಲ್ಲಿ. ಹೆಸರು, ವಿಳಾಸ, ಕೇಸು ಇದೆಯೋ ಇಲ್ಲವೋ ಎಂದು ಕೇಳುವ ಪೇದೆಯ ಕೈಯಲ್ಲಿ ಕನ್ನಡದ ಒಂದು ಹಾಳೆ ಕೊಟ್ಟು ಕಳಿಸಲು ದೊಡ್ಡ ಖರ್ಚೇನೂ ಬರದು. ಅದರಲ್ಲಿ ಇಷ್ಟಿದ್ದರೂ ಸಾಕು: ನೋಂದಾಯಿತ ಏಜೆಂಟನಿಗೆ ಲೈಸೆನ್ಸ್ ನಂಬರ್ ಇರುತ್ತದೆ, ಕೇಳಿ, ಅವನು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ, ವಿಸಿಟಿಂಗ್ ವೀಸಾದ ಮೇಲೆ ಕೆಲಸಕ್ಕೆ ಹೋಗಬೇಡಿ.