106 ಗೆದ್ದವರಿಗೆ ನಾಕೌಟ್, 88 ಗೆದ್ದವರಿಗೆ ನೇರ ದಾರಿ: ಬೇಸ್‌ಬಾಲ್‌ನಲ್ಲಿ ಇದು ಮೋಸವೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಗೆಲುವಿನ ಪಟ್ಟಿ ನೋಡಿದವರಿಗೆ ಏನೋ ಮೋಸ ನಡೆದಿದೆ ಅನ್ನಿಸುವುದು ಸಹಜ. 2021ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್ 106 ಪಂದ್ಯ ಗೆದ್ದಿತ್ತು. ಆದರೂ ಸೋತರೆ ಹೊರಗೆ ಎನ್ನುವ ಒಂದು ಪಂದ್ಯ ಆಡಬೇಕಾಯಿತು. ಕೇವಲ 88 ಗೆದ್ದಿದ್ದ ಅಟ್ಲಾಂಟಾ ಬ್ರೇವ್ಸ್ ಆ ಪಂದ್ಯವಿಲ್ಲದೆ ಮುಂದೆ ಹೋಯಿತು, ಕೊನೆಗೆ ಚಾಂಪಿಯನ್ ಕೂಡ ಆಯಿತು.

ಅಂಕಿಗಳು ನಿಜ. ಆದರೆ ಇದು ಮೋಸವಲ್ಲ, ನಿಯಮ.

ನಿಯಮ ಏನು?

ಒಟ್ಟು 30 ತಂಡಗಳು. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎಂದು ಎರಡು ಭಾಗ. ಪ್ರತಿ ಲೀಗ್‌ನಲ್ಲಿ ಈಸ್ಟ್, ಸೆಂಟ್ರಲ್, ವೆಸ್ಟ್ ಎಂಬ ಮೂರು ಡಿವಿಷನ್, ಒಂದೊಂದರಲ್ಲಿ ಐದು ತಂಡ. ಪ್ರತಿ ತಂಡಕ್ಕೆ 162 ಪಂದ್ಯ. 2022ರಿಂದ ಪ್ರತಿ ಲೀಗ್‌ನ ಮೂರು ಡಿವಿಷನ್ ವಿಜೇತರು, ಉಳಿದವರಲ್ಲಿ ಹೆಚ್ಚು ಗೆದ್ದ ಮೂವರು ಪ್ಲೇಆಫ್‌ಗೆ ಬರುತ್ತಾರೆ. ಡಿವಿಷನ್ ವಿಜೇತರಿಗೇ ಮೊದಲ ಮೂರು ಸ್ಥಾನ. ಅವರಲ್ಲಿ ಮೇಲಿನ ಇಬ್ಬರಿಗೆ ಮೊದಲ ಸುತ್ತು ಆಡುವ ಅಗತ್ಯವೇ ಇಲ್ಲ.

ಡಿವಿಷನ್ ಯಾಕೆ ಬೇಕು?

ನಮ್ಮ ಐಪಿಎಲ್‌ನಲ್ಲಿ 10 ತಂಡಕ್ಕೂ ಒಂದೇ ಪಟ್ಟಿ, ಮೇಲಿನ ನಾಲ್ವರು ಪ್ಲೇಆಫ್‌ಗೆ. ಅಲ್ಲಿ ತಂಡಕ್ಕೆ 14 ಲೀಗ್ ಪಂದ್ಯ ಅಷ್ಟೆ. 162 ಪಂದ್ಯಕ್ಕಾಗಿ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಓಡಾಡುವುದೆಂದರೆ ಆಟಗಾರರಿಗೆ ಬಲು ಸುಸ್ತು. ಹತ್ತಿರದ ಊರುಗಳನ್ನು ಒಂದು ಗುಂಪಿಗೆ ಸೇರಿಸಿದರೆ ಪ್ರಯಾಣ ಕಡಿಮೆ, ಅಕ್ಕಪಕ್ಕದ ಊರುಗಳ ಪೈಪೋಟಿಯೂ ಜೋರು.

ತೊಂದರೆ ಎಲ್ಲಿ?

2025ರಲ್ಲಿ ನ್ಯೂಯಾರ್ಕ್ ಯಾಂಕೀಸ್, ಟೊರೊಂಟೊ ಬ್ಲೂ ಜೇಸ್ ಎರಡೂ 94 ಗೆದ್ದವು. ಇಬ್ಬರೂ ಒಂದೇ ಡಿವಿಷನ್. ಪರಸ್ಪರ ಪಂದ್ಯಗಳಲ್ಲಿ ಹೆಚ್ಚು ಗೆದ್ದ ಟೊರೊಂಟೊಗೆ ಪಟ್ಟ ಸಿಕ್ಕಿತು. ಯಾಂಕೀಸ್ ನಾಲ್ಕನೇ ಸ್ಥಾನಕ್ಕಿಳಿದು ಮೊದಲ ಸುತ್ತು ಆಡಿತು. ಬೇರೆ ಡಿವಿಷನ್‌ನಲ್ಲಿ 90 ಗೆದ್ದ ಸಿಯಾಟಲ್ ಮ್ಯಾರಿನರ್ಸ್‌ಗೆ ವಿಶ್ರಾಂತಿ!

ಪರಿಹಾರ ಇದೆಯೇ?

ಇದೆ. ಡಿವಿಷನ್ ಗೆದ್ದವರಿಗೆ ಪ್ಲೇಆಫ್ ಪ್ರವೇಶ ಖಚಿತವಾಗಿರಲಿ. ಆದರೆ ಒಂದರಿಂದ ಆರರವರೆಗಿನ ಸ್ಥಾನವನ್ನು ಗೆಲುವಿನ ಲೆಕ್ಕದಲ್ಲೇ ಕೊಡಲಿ. ಆಗ ಯಾಂಕೀಸ್ ಎರಡನೇ ಸ್ಥಾನದಲ್ಲಿರುತ್ತಿತ್ತು.

"ಒಬ್ಬೊಬ್ಬರ ಎದುರಾಳಿ ಒಂದೊಂದು ಥರ, ಗೆಲುವನ್ನು ಹೋಲಿಸುವುದು ಹೇಗೆ?" ಎಂದು ನೀವು ಕೇಳಬಹುದು. 2022ರವರೆಗೆ ಈ ಮಾತಿಗೆ ತೂಕವಿತ್ತು: 162ರಲ್ಲಿ 76 ಪಂದ್ಯ ಸ್ವಂತ ಡಿವಿಷನ್‌ನವರ ಜೊತೆಗೇ ಇದ್ದವು. 2023ರಿಂದ ಅದು 52ಕ್ಕೆ ಇಳಿದಿದೆ, ಎಲ್ಲರೂ ಎಲ್ಲರ ಜೊತೆ ಆಡುತ್ತಾರೆ. ವೇಳಾಪಟ್ಟಿ ಬದಲಾಯಿತು, ಸ್ಥಾನ ಕೊಡುವ ನಿಯಮ ಮಾತ್ರ ಹಳೆಯದೇ ಉಳಿಯಿತು.

ಹಾಗಾಗಿ ಇಂಥ ಅಂಕಿಗಳು ಮೊಬೈಲ್‌ಗೆ ಬಂದರೆ "ಮೋಸ" ಎಂದು ಫಾರ್ವರ್ಡ್ ಮಾಡಬೇಡಿ. "ನಿಯಮ ಬದಲಾಗಬೇಕು" ಎಂದರೆ ಅದು ನ್ಯಾಯವಾದ ಮಾತು.