ಒಂದು ಬಾಣಲೆಯ ಊಟ: ಮೀನು, ಕಾಯಿಪಲ್ಲೆ, ಸೊಪ್ಪು ಕೂಡಿದ ತತ್ತಿಯ ಅಡಿಗೆ

ಸಾಯಂಕಾಲ ವಾಚನಾಲಯದಲ್ಲಿ ಪತ್ರಿಕೆ ಓದಿ ಮುಗಿಸಿ ನಾಲ್ಕು ಜನ ಮಾತಿಗೆ ಕುಳಿತಾಗ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: “ಸಕ್ಕರೆ ರೋಗವಿದೆ, ಅನ್ನ ರೊಟ್ಟಿ ಕಡಿಮೆ ಮಾಡಿರಿ ಎಂದು ಡಾಕ್ಟರರು ಹೇಳಿದ್ದಾರೆ. ಹಾಗಾದರೆ ಉಣ್ಣುವುದೇನು?” ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದು, ಪಿಂಪ್ರಿ-ಚಿಂಚವಾಡದ ಖೋಲಿಯೊಂದರಲ್ಲಿ ಮೂವರು ನಾಲ್ವರು ಕೂಡಿ ಇರುವವರಿಗೆ ಇದು ಕಠಿಣವಾದ ಪ್ರಶ್ನೆಯೇ ಸರಿ. ಇರುವುದು ಒಂದೇ ಒಲೆ. ಒಬ್ಬೊಬ್ಬರ ಪಾಳಿಯ ಹೊತ್ತು ಒಂದೊಂದು.

ಭೋಸರಿಯಲ್ಲಿ ಯಂತ್ರದ ಮೇಲೆ ಕೆಲಸ ಮಾಡುವ ಮಿತ್ರರೊಬ್ಬರು ಈ ಪ್ರಶ್ನೆಗೆ ತಾವೇ ಒಂದು ಉತ್ತರ ಕಂಡುಕೊಂಡರು. ಗುಳಿಗೆಯನ್ನೇನೋ ತಪ್ಪದೆ ನುಂಗಿದರು. ಆದರೆ ರೊಟ್ಟಿಯನ್ನು ಪೂರ್ತಿ ಬಿಟ್ಟು, ಬರಿಯ ಚಹ ಕುಡಿದು ರಾತ್ರಿ ಪಾಳಿಗೆ ಹೋದರು. ಮೂರನೆಯ ದಿನ ನಡುರಾತ್ರಿಯಲ್ಲಿ ಕೈ ನಡುಗಿ, ಮೈ ಬೆವತು, ಯಂತ್ರದ ಮುಂದೆಯೇ ಕುಸಿದು ಕುಳಿತರು. ಪಕ್ಕದವರು ಸಕ್ಕರೆ ನೀರು ಕುಡಿಸಿದ್ದರಿಂದ ಅನಾಹುತ ತಪ್ಪಿತು. ಪಥ್ಯವೆಂದರೆ ಉಪವಾಸವೆಂದು ಅವರು ತಿಳಿದದ್ದೇ ತಪ್ಪು. ರೊಟ್ಟಿಯನ್ನು ಕಡಿಮೆ ಮಾಡಿದ ಜಾಗದಲ್ಲಿ ಹೊಟ್ಟೆ ತುಂಬುವ ಇನ್ನೊಂದು ಪದಾರ್ಥ ಬರಬೇಕು, ಅದೂ ಡಾಕ್ಟರರಿಗೆ ತಿಳಿಸಿ. ಅಂಥದೊಂದು ಅಡಿಗೆಯನ್ನು ಇಲ್ಲಿ ವಿವರಿಸುತ್ತೇವೆ.

ಅಕ್ಕಿ, ಜೋಳ, ಗೋದಿ, ಬಟಾಟೆ ಇವುಗಳಲ್ಲಿ ಮುಖ್ಯವಾಗಿ ಇರುವುದು ಪಿಷ್ಟ. ಅದು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಆ ಸಕ್ಕರೆಯು ರಕ್ತದಿಂದ ಮೈಯ ಕಣಗಳಿಗೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಸಕ್ಕರೆ ರೋಗಿಗಳಲ್ಲಿ ಆ ರಸ ಸಾಲದು, ಇಲ್ಲವೆ ಇದ್ದರೂ ಸರಿಯಾಗಿ ಕೆಲಸ ಮಾಡದು. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟವಿರುತ್ತದೆ. ಒಂದು ತತ್ತಿಯಲ್ಲಿ (ಮೊಟ್ಟೆಯಲ್ಲಿ) ಒಂದು ಗ್ರಾಂ ಕೂಡ ಇಲ್ಲ. ಮೀನಿನಲ್ಲಿ ಇಲ್ಲವೆಂದೇ ಹೇಳಬಹುದು. ಅವುಗಳಲ್ಲಿ ಇರುವುದು ಮೈ ಕಟ್ಟುವ ಸಸಾರಜನಕ: ತತ್ತಿಯೊಂದರಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಮೀನಿನಲ್ಲಿ 18ರಿಂದ 20 ಗ್ರಾಂ. ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ರೋಗವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಿಂದ 2023ರಲ್ಲಿ ತಿಳಿದುಬಂದಿತು. ಆದುದರಿಂದ ಇದು ಒಬ್ಬಿಬ್ಬರ ಚಿಂತೆಯಲ್ಲ.

ಇಟಲಿಯ ಜನರು ಫ್ರಿತ್ತಾತ ಎಂಬ ಅಡಿಗೆಯನ್ನು ಮಾಡುತ್ತಾರೆ. ಇದು ಆಮ್ಲೆಟ್ಟಿನ ಜಾತಿಯದೇ. ಆದರೆ ಇದನ್ನು ಮಡಚುವುದಿಲ್ಲ. ಕಾಯಿಪಲ್ಲೆಯನ್ನೆಲ್ಲ ತತ್ತಿಯಲ್ಲಿ ಕಲಸಿ, ದಪ್ಪಗೆ ಹೊಯ್ದು, ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸುತ್ತಾರೆ. ಇರಾನಿನವರು ಕೊತ್ತಂಬರಿ, ಸಬ್ಬಸಿಗೆ, ಉಳ್ಳಾಗಡ್ಡಿಯ ತಪ್ಪಲು ತುಂಬಿ ಇಂಥದನ್ನೇ ಕೂಕೂ ಎಂಬ ಹೆಸರಿನಿಂದ ಮಾಡುವುದುಂಟು. ಈ ಸೊಪ್ಪುಗಳು ನಮ್ಮ ಇಲ್ಲಿಯ ಸಂತೆಗಳಲ್ಲಿಯೂ ಸಿಗುತ್ತವೆ. ಹೊಸದಾಗಿ ಬಂದವರು ಕೇಳುವಾಗ ಸಬ್ಬಸಿಗೆಗೆ ಶೇಪೂ, ಉಳ್ಳಾಗಡ್ಡಿಯ ತಪ್ಪಲಿಗೆ ಕಾಂದ್ಯಾಚೀ ಪಾತ, ದೊಣ್ಣೆ ಮೆಣಸಿನಕಾಯಿಗೆ ಢೋಬಳೀ ಮಿರಚಿ, ಹೀರೆಕಾಯಿಗೆ ದೋಡಕಾ ಎನ್ನಬೇಕು.

ಮೀನಿನಲ್ಲಿ ಬಂಗುಡೆ, ಅಂದರೆ ಇಲ್ಲಿಯ ಬಾಂಗಡಾ, ಒಳ್ಳೆಯದು. ಬೆಂದ ಮೇಲೆ ಅದರ ನಡುಮುಳ್ಳು ಸಲೀಸಾಗಿ ಬಿಡುತ್ತದೆ. ಸಿಹಿನೀರಿನ ಮೀನು ಬೇಕಾದವರಿಗೆ ರೋಹು, ಕಟ್ಲಾ ಇವೆ. ನಮ್ಮ ಪವನಾ ನದಿಯ ನೀರು ಮುಳಾ-ಮುಠಾಗಳೊಡನೆ ಭೀಮೆಯನ್ನು ಸೇರಿ, ಉಜನಿ ಜಲಾಶಯವನ್ನು ತುಂಬಿ, ಮುಂದೆ ಕಲಬುರ್ಗಿಯ ಸೀಮೆಗೆ ಹರಿಯುತ್ತದೆ. ಆದುದರಿಂದ ಭೀಮೆಯ ದಂಡೆಯಿಂದ ಬಂದ ಬಂಧುಗಳಿಗೆ ಹೊಳೆಯ ಮೀನಿನ ರುಚಿ ಹೇಳಿಕೊಡಬೇಕಾಗಿಲ್ಲ. ಆದರೆ ರೋಹು, ಕಟ್ಲಾಗಳ ಬೆನ್ನಿನ ಭಾಗದಲ್ಲಿ ಕವಲೊಡೆದ ಸಣ್ಣ ಮುಳ್ಳುಗಳಿರುವುದರಿಂದ ಹೊಟ್ಟೆಯ ಭಾಗದ ತುಂಡನ್ನೇ ಕೇಳಿ ತರಬೇಕು.

ಇಬ್ಬರಿಗೆ ಬೇಕಾಗುವ ಸಾಮಾನು: ತತ್ತಿ 4, ಮುಳ್ಳು ತೆಗೆದ ಮೀನು 200 ಗ್ರಾಂ (ಇಡಿಯ ಬಂಗುಡೆಯಾದರೆ ಸುಮಾರು 400 ಗ್ರಾಂ ತರಬೇಕು), ಉಳ್ಳಾಗಡ್ಡಿ ಸಣ್ಣದು 1, ದೊಣ್ಣೆ ಮೆಣಸಿನಕಾಯಿ 1, ಹೀರೆಕಾಯಿ ಅರ್ಧ, ಸಬ್ಬಸಿಗೆ, ಕೊತ್ತಂಬರಿ ಒಂದೊಂದು ಹಿಡಿ, ಹಸಿ ಮೆಣಸಿನಕಾಯಿ 2, ಅರಿಶಿನ, ಕರಿ ಮೆಣಸಿನ ಪುಡಿ, ಉಪ್ಪು, ಎಣ್ಣೆ 2 ಚಮಚ, ಅರ್ಧ ಲಿಂಬೆ. ಬಟಾಟೆ, ಕಡಲೆ ಹಿಟ್ಟು ಬೆರೆಸಬೇಡಿರಿ. ಬೆರೆಸಿದರೆ ಪಿಷ್ಟ ಮತ್ತೆ ಬಂದಂತಾಯಿತು.

ಮೊದಲು ಮೀನನ್ನು ತೊಳೆದು, ಅರಿಶಿನ ಉಪ್ಪು ಸವರಿ, ಸ್ವಲ್ಪವೇ ನೀರಿನಲ್ಲಿ ಮುಚ್ಚಿ 7-8 ನಿಮಿಷ ಬೇಯಿಸಿರಿ. ಆರಿದ ಮೇಲೆ ಬೆರಳಿನಿಂದ ಬಿಡಿಸುತ್ತ ಮುಳ್ಳುಗಳನ್ನು ತೆಗೆಯಿರಿ. ಇದರಲ್ಲಿ ಅವಸರ ಕೂಡದು. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಕಾಯಿಪಲ್ಲೆಗಳನ್ನು ಹಾಕಿ ನೀರು ಪೂರ್ತಿ ಆರುವವರೆಗೆ ಹುರಿಯಿರಿ. ನೀರು ಉಳಿದರೆ ತತ್ತಿ ಗಟ್ಟಿಯಾಗದೆ ಒಡೆದು ಹೋಗುತ್ತದೆ. ಅನಂತರ ತತ್ತಿಗಳನ್ನು ಒಡೆದು ಕದಡಿ, ಉಪ್ಪು, ಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ಸೊಪ್ಪು, ಹುರಿದ ಪಲ್ಲೆ, ಮೀನು ಎಲ್ಲವನ್ನೂ ಕೂಡಿಸಿರಿ. ಉಳಿದ ಎಣ್ಣೆಯನ್ನು ಬಾಣಲೆಗೆ ಸವರಿ, ಮಿಶ್ರಣವನ್ನು ಹೊಯ್ದು ಮುಚ್ಚಿ, ತೀರ ಸಣ್ಣ ಉರಿಯಲ್ಲಿ 10-12 ನಿಮಿಷ ಬಿಡಿರಿ. ನಡುವೆ ಚಾಕು ಚುಚ್ಚಿದರೆ ಹಸಿ ತತ್ತಿ ಅಂಟಬಾರದು. ಮೇಲ್ಭಾಗ ಇನ್ನೂ ಹಸಿಯಿದ್ದರೆ ತಾಟಿಗೆ ಜಾರಿಸಿ, ಮಗುಚಿ, ಮತ್ತೆ 2 ನಿಮಿಷ ಇಡಿರಿ. ಲಿಂಬೆ ಹಿಂಡಿ ತಿನ್ನತಕ್ಕದ್ದು.

ಒಬ್ಬರ ಪಾಲಿನಲ್ಲಿ ಪಿಷ್ಟ ಸುಮಾರು 10 ಗ್ರಾಂ ಮೀರದು; ಸಸಾರಜನಕ ಸುಮಾರು 30 ಗ್ರಾಂ. ಮೂರು ರೊಟ್ಟಿ ಉಣ್ಣುವವರಿಗೆ ಇದರೊಡನೆ ಒಂದು ಸಾಕಾಗುತ್ತದೆ.

ಮೂರು ಎಚ್ಚರಿಕೆಗಳು. ಮೊದಲನೆಯದಾಗಿ, ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಅನ್ನ ರೊಟ್ಟಿ ತಗ್ಗಿಸಬಾರದು. ಔಷಧದ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ ಕೂಡಲೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೊಮ್ಮೆ ಕುಡಿದು ದವಾಖಾನೆಗೆ ಹೋಗಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ತಡಮಾಡದೆ ದವಾಖಾನೆಗೆ ಒಯ್ಯಬೇಕು. ಎರಡನೆಯದಾಗಿ, ಮೂತ್ರಪಿಂಡದ ತೊಂದರೆಯಿದ್ದವರು ಸಸಾರಜನಕ ಎಷ್ಟಿರಬೇಕೆಂದು ಮೊದಲು ಕೇಳಿಕೊಳ್ಳಬೇಕು. ಮೂರನೆಯದಾಗಿ, ಮೀನು ತತ್ತಿಯ ಅಡಿಗೆಯನ್ನು ಎರಡು ತಾಸಿನೊಳಗೆ ಉಂಡು ಮುಗಿಸಬೇಕು. ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ನಡುರಾತ್ರಿಯಲ್ಲಿ ತಿನ್ನುವುದು ಅಪಾಯ. ಪಾಳಿಯ ನಡುವಿನ ಹಸಿವಿಗೆ ಒಂದು ಹಿಡಿ ಹುರಿದ ಶೇಂಗಾ ಇಟ್ಟುಕೊಳ್ಳಬಹುದು.

ಭೋಸರಿಯ ಮಿತ್ರರು ಈಗ ಡಾಕ್ಟರರನ್ನು ಕಂಡು ಗುಳಿಗೆಯನ್ನು ಸರಿಪಡಿಸಿಕೊಂಡಿದ್ದಾರೆ. ಪಾಳಿಗೆ ಹೊರಡುವ ಮುನ್ನ ಒಂದು ರೊಟ್ಟಿಯೊಡನೆ ಇದನ್ನು ಉಣ್ಣುತ್ತಾರೆ. ಖೋಲಿಯ ಉಳಿದವರಿಗೆ ರೋಗವಿಲ್ಲ. ಆದರೂ ವಾಸನೆ ಬಂದೊಡನೆ ಅವರೂ ತಾಟು ಹಿಡಿದು ಕೂಡುತ್ತಾರೆ. ಹೀಗಾಗಿ ಈಗ ಅವರು ತತ್ತಿ ತರುವುದು ಡಜನ್ನಿನ ಲೆಕ್ಕದಲ್ಲಿ.