ಕಬಡ್ಡಿ: ಅಂಪೈರ್ ನಿಲ್ಲೋ ಜಾಗ ಸರಿ ಇದ್ರೆ ಅರ್ಧ ಜಗಳ ಕಡಿಮೆ

ಹಾನಗಲ್: ಊರ ಜಾತ್ರೆ ಇರಲಿ, ತಾಲ್ಲೂಕು ಮಟ್ಟದ ದಸರಾ ಕ್ರೀಡಾಕೂಟ ಇರಲಿ, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಕಬಡ್ಡಿ ಅಂದ್ರೆ ಜನ ಸೇರ್ತಾರೆ. ಕೊನೇ ರೈಡ್‌ನಲ್ಲಿ 'ಗೆರೆ ಮುಟ್ಟ್ಯಾನ', 'ಇಲ್ಲ, ಮುಟ್ಟಿಲ್ಲ' ಅಂತ ವಾದ ಏಳೋದೂ ಹೊಸದಲ್ಲ. ಆಗ ಎಲ್ಲರ ಬೆರಳು ಅಂಪೈರ್ ಕಡೆಗೆ. ಆದರೆ ಅವರು ನಿಂತ ಜಾಗದಿಂದ ಆ ಗೆರೆ ಕಾಣ್ತಿತ್ತಾ ಅಂತ ಕೇಳೋರು ಕಡಿಮೆ.

ಯಾರ ಕೆಲಸ ಏನು?

ನಿಯಮದ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಇಬ್ಬರು ಸಹಾಯಕ ಸ್ಕೋರರ್ ಇರಬೇಕು. ಅಂಪೈರ್‌ಗಳು ಅಂಕಣದ ಎರಡೂ ಬದಿಗೆ, ಗೆರೆಯ ಹೊರಗೆ ಎದುರುಬದುರು ನಿಲ್ಲುತ್ತಾರೆ. ಔಟ್, ಪಾಯಿಂಟ್ ತೀರ್ಪು ಅವರದ್ದೇ. ಇಬ್ಬರಲ್ಲಿ ಭಿನ್ನಾಭಿಪ್ರಾಯ ಬಂದರೆ ರೆಫರಿ ತೀರ್ಮಾನಿಸುತ್ತಾರೆ. ಔಟಾದವರನ್ನು ಸಾಲಾಗಿ ಕೂರಿಸಿ ಲೆಕ್ಕ ಇಡೋದು ಸಹಾಯಕ ಸ್ಕೋರರ್ ಕೆಲಸ.

ಓರೆಯಾಗಿ ನೋಡಿದ್ರೆ ಮೋಸ

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಎರಡೂ ಬದಿಗೆ 1 ಮೀಟರ್ ಲಾಬಿ. ಮಿಡ್‌ಲೈನ್‌ನಿಂದ ಬಾಕ್ ಲೈನ್ 3.75 ಮೀಟರ್, ಅದರಾಚೆ 1 ಮೀಟರ್‌ಗೆ ಬೋನಸ್ ಲೈನ್. ಅಂದ್ರೆ ಮಿಡ್‌ಲೈನ್ ಹತ್ತಿರವೇ ನಿಂತ ಅಂಪೈರ್‌ಗೆ ಬೋನಸ್ ಲೈನ್ 4.75 ಮೀಟರ್ ಮುಂದಿರುತ್ತದೆ.

ಮುಳ್ಳಿನ ತಕ್ಕಡಿಯನ್ನು ಪಕ್ಕದಿಂದ ನೋಡಿದ್ರೆ ತೂಕ ಬೇರೆ ಕಾಣೋದು ಅಂಗಡಿಯವರಿಗೆ ಗೊತ್ತೇ ಇದೆ. ಗೆರೆಯದ್ದೂ ಅದೇ ಕಥೆ. ಹಿಂದಿನಿಂದ ಓರೆಯಾಗಿ ನೋಡಿದ್ರೆ, ನೆಲ ಬಿಟ್ಟ ಪಾದ ಗೆರೆಯ ಈಚೆಗಿದ್ದರೂ ಆಚೆ ಇದ್ದಂಗೆ ಕಾಣುತ್ತದೆ. ಬೋನಸ್ ಸಿಗಬೇಕಾದರೆ ಎದುರಿಗೆ ಕನಿಷ್ಠ ಆರು ಆಟಗಾರರು ಇರಬೇಕು, ಒಂದು ಕಾಲು ಗೆರೆ ದಾಟಿರಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಎರಡೂ ಕಾಲನ್ನು ಒಟ್ಟಿಗೆ ನೋಡಲು ಅಂಪೈರ್ ಆ ಗೆರೆಯ ನೇರಕ್ಕೇ ಬರಬೇಕು. ಅದಕ್ಕೆ ನಾಲ್ಕೈದು ಹೆಜ್ಜೆ ಸಾಕು.

ಇಬ್ಬರೂ ಒಂದೇ ಕಡೆ ಓಡಬಾರದು

ರೈಡರ್ ಯಾವ ಮೂಲೆಗೆ ಹೋದನೋ ಆ ಬದಿಯ ಅಂಪೈರ್ ಅವನ ಜೊತೆ ಒಳಗೆ ಸರಿಯೋದು, ಎದುರು ಬದಿಯವರು ಮಿಡ್‌ಲೈನ್ ನೇರಕ್ಕೆ ಇರೋದು ಸುಲಭದ ಹಂಚಿಕೆ. ಹತ್ತಿರದವರ ಕಣ್ಣು ಬೋನಸ್ ಮತ್ತು ಲಾಬಿ ಮೇಲೆ. ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರೆ ರೈಡರ್ ಔಟ್. ಮುಟ್ಟಿದ ಮೇಲೆ ಲಾಬಿಯೂ ಆಟದ ಜಾಗ. ಮೊದಲು ಆಗಿದ್ದು ಯಾವುದು ಅನ್ನೋದು ಆ ಬದಿಯವರಿಗೇ ಸರಿಯಾಗಿ ಕಾಣೋದು. ಹಿಡಿತ ಬಿದ್ದು ರೈಡರ್ ಕೈ ಚಾಚಿದಾಗ, ಮಿಡ್‌ಲೈನ್ ನೇರಕ್ಕೆ ನಿಂತವರು ಬೆರಳು ಮುಟ್ಟಿತೋ ಇಲ್ಲವೋ ಹೇಳಬಲ್ಲರು. ಇಬ್ಬರೂ ಒಳಗೆ ಓಡಿದ್ರೆ ಆ ಗೆರೆ ಕಾಯೋರೇ ಇರೋದಿಲ್ಲ.

ಅಮೆರಿಕನ್ ಫುಟ್‌ಬಾಲ್‌ನಲ್ಲೂ ಇದೇ ತತ್ವ. ಚೆಂಡು ಇಟ್ಟ ಜಾಗದ ನೇರಕ್ಕೆ, ಮೈದಾನದ ಎರಡೂ ಬದಿಗೆ ಒಬ್ಬೊಬ್ಬ ಅಧಿಕಾರಿ ನಿಲ್ಲುತ್ತಾರೆ. ಆಟಗಾರ ತಮ್ಮ ಕಡೆಗೇ ನುಗ್ಗಿ ಬಂದರೆ ಹಿಂದೆ ಸರಿದು ದಾರಿ ಬಿಡುತ್ತಾರೆ. ಅವನು ಗೆರೆ ದಾಟಿದ ಜಾಗ ಮಾತ್ರ ಅವರ ಕಣ್ತಪ್ಪಬಾರದು. ಹಿಂದೆ ಸರಿಯಲು ಖಾಲಿ ಜಾಗ ಇದ್ದರಷ್ಟೇ ಅದು ಸಾಧ್ಯ.

ಸಂಘಟಕರು ಏನು ಮಾಡಬೇಕು?

ನಮ್ಮ ಊರ ಪಂದ್ಯಗಳಲ್ಲಿ ತೊಡಕಾಗೋದು ಇಲ್ಲೇ. ಗಣ್ಯರ ಕುರ್ಚಿ, ಮೈಕ್ ಟೇಬಲ್, ಹುಡುಗರ ಗುಂಪು ಎಲ್ಲಾ ಗೆರೆಗೆ ತಾಗಿಕೊಂಡೇ ಇದ್ದರೆ ಅಂಪೈರ್ ಓಡೋದೆಲ್ಲಿ? ಲಾಬಿಯಿಂದ ಹೊರಬಿದ್ದ ಆಟಗಾರ ಕುರ್ಚಿ ಮೇಲೆ ಬಿದ್ದರೆ ಕೈಕಾಲು ಮುರಿಯೋದು ಬೇರೆ.

* ಎರಡೂ ಬದಿಗೆ ಕನಿಷ್ಠ ಮೂರು ಹೆಜ್ಜೆ ಜಾಗ ಬಿಟ್ಟು ಹಗ್ಗ ಕಟ್ಟಿ. ಕುರ್ಚಿ, ಟೇಬಲ್ ಹಗ್ಗದ ಹೊರಗಿರಲಿ.
* ಸುಣ್ಣದ ಗೆರೆ ಆಟದಲ್ಲಿ ಅಳಿಸಿ ಹೋಗುತ್ತೆ. 5 ನಿಮಿಷದ ವಿರಾಮದಲ್ಲಿ ಮತ್ತೆ ಹಾಕಿಸಿ.
* ಮಹಿಳೆಯರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಬಾಕ್ ಲೈನ್ 3 ಮೀಟರ್‌ಗೆ. ಪುರುಷರ ಗೆರೆಯಲ್ಲೇ ಆಡಿಸಬೇಡಿ.
* ಪಂದ್ಯಕ್ಕೆ ಮುಂಚೆ ಇಬ್ಬರೂ ಅಂಪೈರ್ ಯಾರು ಯಾವ ಗೆರೆ ನೋಡೋದು ಅಂತ ಮಾತಾಡಿಕೊಳ್ಳಲಿ.

ಪ್ರೊ ಕಬಡ್ಡಿಯಲ್ಲಿ ಅನುಮಾನ ಬಂದರೆ ರಿವ್ಯೂ ಕೇಳಬಹುದು, ಟಿವಿಯಲ್ಲಿ ತಿರುಗಿಸಿ ನೋಡ್ತಾರೆ. ಊರ ಅಂಕಣದಲ್ಲಿ ಆ ಸೌಲಭ್ಯ ಇಲ್ಲ. ಇಲ್ಲಿ ಇರೋದು ಅಂಪೈರ್ ಕಣ್ಣು ಒಂದೇ. ಅದಕ್ಕೆ ಗೆರೆ ಕಾಣುವಂಗೆ ಜಾಗ ಬಿಟ್ಟುಕೊಡೋದು ಸಂಘಟಕರದ್ದೂ, ನೋಡಲು ಬಂದವರದ್ದೂ ಜವಾಬ್ದಾರಿ.